ಹಳೆಯ ಸರಪಣಿ ಲೋಡರಿನ ದುರಸ್ತು

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸಣ್ಣ ಹಿಡುವಳಿಯ ಒಕ್ಕಲಿಗರು ಹಳೆಯ ಸರಪಣಿ ಲೋಡರುಗಳನ್ನು ಕೊಂಡು, ತಮ್ಮ ಕೈಯಿಂದಲೇ ದುರಸ್ತು ಮಾಡಿ, ಕೆಲಸಕ್ಕೆ ಹಚ್ಚುವ ರೂಢಿಯು ಬಹುಕಾಲದಿಂದ ನಡೆದು ಬಂದಿದೆ. ಕುಂಟೆ ತೋಡುವುದು, ಬದು ಹಾಕುವುದು, ಮರದ ಬೊಡ್ಡೆಗಳನ್ನು ಕೀಳುವುದು, ತಿಪ್ಪೆಯ ಗೊಬ್ಬರವನ್ನು ತುಂಬುವುದು, ಇವೇ ಮೊದಲಾದ ಕೆಲಸಗಳು ಸಣ್ಣ ಜಮೀನಿನಲ್ಲಿ ವರ್ಷಕ್ಕೆ ಕೆಲವು ದಿನಗಳು ಮಾತ್ರ ಬೀಳುವುವು. ಅಷ್ಟಕ್ಕಾಗಿ ಹೊಸ ಯಂತ್ರವನ್ನು ಕೊಳ್ಳಲು ಜಮೀನಿನ ಉತ್ಪತ್ತಿಯು ಸಾಲದು. ಹಳೆಯದಾದರೋ ಬಹು ಸುಲಭವಾದ ಬೆಲೆಗೆ ಸಿಕ್ಕುವುದು. ಆದರೆ ಸುಲಭವಾಗಿ ಸಿಕ್ಕಿದ ಯಂತ್ರದ ಸರಪಣಿ ಮತ್ತು ಉರುಳೆಗಳನ್ನು ಬದಲಾಯಿಸಲು ಕೊಂಡ ಬೆಲೆಗಿಂತ ಹೆಚ್ಚು ಹಣ ಹಿಡಿದು, ಯಂತ್ರವು ಹೊಲದ ಮೂಲೆಯಲ್ಲಿಯೇ ನಿಂತುಹೋದ ಸಂದರ್ಭಗಳು ಕಡಮೆಯಲ್ಲ.

ಸರಪಣಿಯ ಯಂತ್ರದ ಬೆಳವಣಿಗೆಯಲ್ಲಿ ಬೇಸಾಯದ ಪಾತ್ರವೂ ಇದ್ದಿತೆಂಬುದನ್ನು ಇಲ್ಲಿ ನೆನೆಯಬಹುದು. ಕ್ಯಾಲಿಫೋರ್ನಿಯದ ಸ್ಟಾಕ್ಟನ್ ಪಟ್ಟಣದ ಬಳಿಯ ಜವುಗು ಭೂಮಿಯಲ್ಲಿ ಉಗಿಯಂತ್ರಗಳ ಚಕ್ರಗಳು ಹೂತುಹೋಗುತ್ತಿದ್ದುದರಿಂದ, ಬೆಂಜಮಿನ್ ಹೋಲ್ಟನು ೧೯೦೪ರ ನವೆಂಬರಿನಲ್ಲಿ ಚಕ್ರಗಳಿಗೆ ಬದಲಾಗಿ ಮರದ ಹಲಗೆಗಳ ಸರಪಣಿಯನ್ನು ತೊಡಿಸಿ ಪರೀಕ್ಷಿಸಿದನು. ಹೋಲ್ಟ್ ಮತ್ತು ಬೆಸ್ಟ್ ಕಂಪೆನಿಗಳು ೧೯೨೫ರಲ್ಲಿ ಸೇರಿ ಕ್ಯಾಟರ್‌ಪಿಲ್ಲರ್ ಕಂಪೆನಿಯಾಯಿತು. ಆ ಕಂಪೆನಿಯ ಟ್ರ್ಯಾಕ್ಟರುಗಳಿಗೆ ಮಿಲ್ವಾಕಿಯ ಟ್ರ್ಯಾಕ್ಸನ್ ಕಂಪೆನಿಯವರು ಮುಂದೆ ಬಕೆಟ್ಟನ್ನು ಜೋಡಿಸಿ ‘ಟ್ರ್ಯಾಕ್ಸ್‌ಕವೇಟರ್’ ಎಂಬ ಹೆಸರಿನಿಂದ ಮಾರುತ್ತಿದ್ದರು. ೧೯೫೧ರಲ್ಲಿ ಟ್ರ್ಯಾಕ್ಸನ್ ಕಂಪೆನಿಯನ್ನು ಕ್ಯಾಟರ್‌ಪಿಲ್ಲರಿನವರೇ ಕೊಂಡು, ೧೯೫೫ರಲ್ಲಿ ೯೩೩, ೯೫೫, ೯೭೭ ಎಂಬ ಮಾದರಿಗಳನ್ನು ಹೊರತಂದರು. ಇವುಗಳಲ್ಲಿ ಮಧ್ಯಮ ಗಾತ್ರದ ೯೫೫ನೆಯದು ಸುಮಾರು ಹತ್ತು ಟನ್ನು ತೂಗುವುದು.

ಇಂಥ ಯಂತ್ರವನ್ನು ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಎಂಜಿನ್ನಿನ ಶಬ್ದವನ್ನು ಕೇಳುವರು. ಮೊದಲು ನೋಡಬೇಕಾದುದು ಸರಪಣಿಯನ್ನು. ಸರಪಣಿಯ ಕೊಂಡಿಗಳು ಉಕ್ಕಿನ ಪಿನ್ನುಗಳಿಂದಲೂ ಅವುಗಳ ಮೇಲಿನ ಬುಷ್ಷುಗಳಿಂದಲೂ ಒಂದಕ್ಕೊಂದು ಕೂಡಿರುವುವು. ಹಳೆಯ ಮಾದರಿಗಳಲ್ಲಿ ಈ ಕೀಲುಗಳಿಗೆ ಎಣ್ಣೆಯಿಲ್ಲ. ಮರಳು ಒಳಹೊಕ್ಕು ಪಿನ್ನನ್ನೂ ಬುಷ್ಷಿನ ಒಳಮೈಯನ್ನೂ ತೇಯುವುದು. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟು ಸವೆದರೂ ಒಟ್ಟು ಸರಪಣಿಯು ಉದ್ದವಾಗುವುದು. ಉದ್ದವಾದ ಸರಪಣಿಯು ಹಿಂದಿನ ಹಲ್ಲುಚಕ್ರದ ಹಲ್ಲುಗಳಿಗೆ ಸರಿಯಾಗಿ ಕೂರದೆ, ಹಲ್ಲುಗಳು ಬಾಕಿನ ತುದಿಯಂತೆ ಚೂಪಾಗುವುವು. ಮುಂದಿನ ಚಕ್ರವನ್ನು ತಳ್ಳತಕ್ಕ ಬಿಗಿತದ ಸಾಧನವು ತನ್ನ ಕೊನೆಯವರೆಗೆ ಚಾಚಿಕೊಂಡಿದ್ದರೆ, ಮಾರುವವನು ಏನು ಹೇಳಿದರೂ ಸರಪಣಿಯ ಆಯುಸ್ಸು ಮುಗಿಯುತ್ತ ಬಂದಿದೆಯೆಂದು ತಿಳಿಯಬೇಕು. ಸರಪಣಿಯನ್ನು ಬಿಗಿಯಾಗಿ ಎಳೆದು, ನಾಲ್ಕಾರು ಕೊಂಡಿಗಳ ಉದ್ದವನ್ನು ಪಿನ್ನಿನಿಂದ ಪಿನ್ನಿಗೆ ಅಳೆದು, ಹೊಸದರ ಅಳತೆಯೊಡನೆ ಹೋಲಿಸುವುದು ಇನ್ನೂ ಖಚಿತವಾದ ಕ್ರಮ.

ಸವೆತವು ಮಿತಿಯಲ್ಲಿದ್ದರೆ ಒಂದು ಮಿತವ್ಯಯದ ಉಪಾಯವುಂಟು. ಬುಷ್ಷುಗಳು ಒಂದೇ ಪಕ್ಕದಲ್ಲಿ ಸವೆಯುವುದರಿಂದ, ಪಿನ್ನು ಬುಷ್ಷುಗಳೆರಡನ್ನೂ ಹೊರತೆಗೆದು ಅರ್ಧ ಸುತ್ತು ತಿರುಗಿಸಿ ಕೂರಿಸಿದಲ್ಲಿ, ಸವೆಯದ ಪಕ್ಕವು ಹಲ್ಲಿಗೆ ಎದುರಾಗಿ ಸರಪಣಿಯು ಮತ್ತೊಂದು ಬಾರಿ ದುಡಿಯುವುದು. ಇದಕ್ಕೆ ಹತ್ತಾರು ಟನ್ನು ಒತ್ತಡದ ಪ್ರೆಸ್ಸು ಬೇಕಾಗಿರುವುದರಿಂದ ಸರಪಣಿಯನ್ನು ಕಾರ್ಖಾನೆಗೆ ಸಾಗಿಸಬೇಕಾಗುವುದು. ಬುಷ್ಷುಗಳು ಸೀಳಿದ್ದರೆ ಅಥವಾ ತೀರ ತೆಳ್ಳಗಾಗಿದ್ದರೆ ಈ ಉಪಾಯವು ಸಲ್ಲದು. ಸವೆದ ಉರುಳೆಗಳಿಗೆ ವೆಲ್ಡಿನಿಂದ ಉಕ್ಕನ್ನು ತುಂಬಿ ಮೈ ಬೆಳೆಸುವುದುಂಟು.

ಎಂಜಿನ್ನು ತಿರುಗದೆ ಬಿಗಿದಿದ್ದ ಮಾತ್ರಕ್ಕೆ ಆಸೆ ಬಿಡಬೇಕಾದುದಿಲ್ಲ. ಹೊಗೆಯ ಕೊಳವೆಯನ್ನು ಮುಚ್ಚದೆ ಬಿಟ್ಟ ಯಂತ್ರಗಳಲ್ಲಿ ಮಳೆಯ ನೀರು ಇಳಿದು, ಪಿಸ್ಟನ್ನಿನ ಬಳೆಗಳು ತುಕ್ಕಿನಿಂದ ಸಿಲಿಂಡರಿಗೆ ಅಂಟಿಕೊಂಡಿರುವುವು. ಇಂಜೆಕ್ಟರುಗಳನ್ನು ಬಿಚ್ಚಿ, ತೆಳುವಾದ ಎಣ್ಣೆಯನ್ನು ಹೊಯ್ದು, ಕೆಲವು ದಿನಗಳು ಬಿಟ್ಟು, ಭಾರಚಕ್ರವನ್ನು ಹಾರೆಯಿಂದ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವಾಗಿ ಅಲುಗಿಸಬೇಕು. ತಾಳ್ಮೆಗೆಟ್ಟು ಬೇರೊಂದು ಯಂತ್ರದಿಂದ ಎಳೆಸಿದರೆ ಒಳಗಿನ ದಂಡಗಳು ಬಾಗಿ, ಚಿಕ್ಕ ರೋಗವು ದೊಡ್ಡದಾಗುವುದು. ಆ ಕಾಲದ ಅನೇಕ ಡೀಸೆಲ್ ಎಂಜಿನ್ನುಗಳನ್ನು ಹೊರಡಿಸಲು ಪಕ್ಕದಲ್ಲಿಯೇ ಎರಡು ಸಿಲಿಂಡರಿನ ಚಿಕ್ಕ ಪೆಟ್ರೋಲ್ ಎಂಜಿನ್ನು ಇರುತ್ತಿದ್ದಿತು. ಚಿಕ್ಕದು ಹೊರಡದಿದ್ದುದಕ್ಕೆ ದೊಡ್ಡದನ್ನು ಕೆಟ್ಟಿತೆಂದು ಗುಜರಿಗೆ ಕಳುಹಿಸಿದವರೂ ಇದ್ದಾರೆ. ಕಾರ್ಬುರೇಟರನ್ನೂ ಮ್ಯಾಗ್ನೆಟೋವನ್ನೂ ಶುದ್ಧಿ ಮಾಡಿದ್ದರೆ ಬಹುಶಃ ಅದೇ ಸಾಕಾಗುತ್ತಿತ್ತು.

ಬಹು ದಿನ ನಿಂತ ಯಂತ್ರದಲ್ಲಿ ಕಾಣತಕ್ಕ ಮತ್ತೊಂದು ದೋಷವು ತಿರುವು ಕ್ಲಚ್ಚುಗಳದು. ಸರಪಣಿಯ ಯಂತ್ರವು ತಿರುಗಬೇಕಾದರೆ ಒಂದು ಪಕ್ಕದ ಸರಪಣಿಗೆ ಶಕ್ತಿಯು ನಿಲ್ಲಬೇಕು. ಈ ಕ್ಲಚ್ಚಿನ ಒಣ ಬಿಲ್ಲೆಗಳು ತೇವಕ್ಕೆ ತುಕ್ಕು ಹಿಡಿದು ಅಂಟಿಕೊಂಡರೆ, ಹಿಡಿಯನ್ನು ಎಳೆದರೂ ಯಂತ್ರವು ನೇರವಾಗಿಯೇ ಹೋಗುವುದು. ಆದುದರಿಂದ ಮೊದಲ ಓಡಾಟವನ್ನು ಬಯಲಿನಲ್ಲಿಯೇ ಮಾಡಬೇಕು. ಹಿಡಿಯನ್ನು ಹಿಂದಕ್ಕೆ ಕಟ್ಟಿ, ತಗ್ಗು ಗೇರಿನಲ್ಲಿ ನಡೆಸುತ್ತ, ಆ ಪಕ್ಕದ ಬ್ರೇಕನ್ನು ಮತ್ತೆ ಮತ್ತೆ ಒತ್ತಿದರೆ ಅನೇಕ ವೇಳೆ ಬಿಲ್ಲೆಗಳು ಬಿಡಿಸಿಕೊಳ್ಳುವುವು. ಬಿಡದಿದ್ದಲ್ಲಿ ಬಿಚ್ಚುವುದಲ್ಲದೆ ಬೇರೆ ಮಾರ್ಗವಿಲ್ಲ. ಇಡೀ ದುರಸ್ತಿನಲ್ಲಿ ಇದೇ ಹೆಚ್ಚು ಶ್ರಮದ ಭಾಗ.

ಬಕೆಟ್ಟನ್ನು ಎತ್ತುವ ಸಿಲಿಂಡರುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ದಂಡದ ನುಣುಪಾದ ಮೈಯಲ್ಲಿ ತುಕ್ಕಿನ ಗುಳಿಗಳಿದ್ದರೆ ಎಷ್ಟು ಸಲ ಹೊಸ ಸೀಲು ಹಾಕಿದರೂ ಹರಿಯುವುದು. ಮೊದಲು ದಂಡವನ್ನು ಸರಿಪಡಿಸಬೇಕು.

ಪ್ರಾಣಾಪಾಯದ ಮಾತನ್ನು ಮಾತ್ರ ಬಿಡಿಸಿ ಹೇಳಬೇಕು. ಮುಂದಿನ ಚಕ್ರದ ಹಿಂದೆ ಅದುಮಿಟ್ಟಿರುವ ದೊಡ್ಡ ಸ್ಪ್ರಿಂಗಿನಲ್ಲಿ ಮನುಷ್ಯನನ್ನು ಕೊಲ್ಲುವಷ್ಟು ಶಕ್ತಿಯು ಅಡಗಿದೆ. ತಕ್ಕ ಸಲಕರಣೆಯಿಲ್ಲದವರು ಅದರ ತಂಟೆಗೆ ಹೋಗಲೇಬಾರದು. ಗ್ರೀಸಿನ ಒತ್ತಡದಿಂದ ಬಿಗಿಯುವ ಸರಪಣಿಯನ್ನು ಸಡಿಲಿಸುವಾಗ ತಿರುಪನ್ನು ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಬಾರದು, ಮುಖವನ್ನು ಅದರ ಎದುರಿಗೆ ಇಡಬಾರದು. ಎತ್ತಿದ ಬಕೆಟ್ಟಿನ ಕೆಳಗೆ, ತೋಳುಗಳಿಗೆ ಗಟ್ಟಿಯಾದ ಆಸರೆ ಕೊಡದೆ, ಯಾರೂ ನುಸುಳಬಾರದು. ಕೊಳವೆಗಳಲ್ಲಿ ಎಣ್ಣೆ ಎಲ್ಲಿ ಚಿಮ್ಮುತ್ತಿದೆಯೆಂದು ಬೆರಳಿನಿಂದ ಹುಡುಕುವುದು ಬಹು ಕೆಟ್ಟ ಅಭ್ಯಾಸ. ಒತ್ತಡದ ಎಣ್ಣೆಯು ಸೂಜಿಯಂತೆ ಚರ್ಮವನ್ನು ತೂರಿ ಒಳಗೆ ಹೋಗುವುದು, ಗಾಯವು ಚಿಕ್ಕದಾಗಿ ಕಂಡರೂ ತಡಮಾಡಿದರೆ ಬೆರಳೇ ಹೋಗಬಹುದು. ರಟ್ಟಿನ ತುಂಡನ್ನು ಹಿಡಿದು ನೋಡತಕ್ಕದ್ದು.

ಕರ್ನಾಟಕದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ, ೧೯೬೪ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಕಂಪೆನಿಯವರು ತಯಾರಿಸುವ ಸರಪಣಿ ಬುಲ್ಡೋಜರುಗಳಲ್ಲಿಯೂ ಪಿನ್ನು, ಬುಷ್ಷು, ಉರುಳೆಗಳ ಕ್ರಮವು ಇದೇ ಆಗಿರುವುದರಿಂದ, ಇಂಥವನ್ನು ಹಳೆಯದಾಗಿ ಕೊಳ್ಳಲು ಅಥವಾ ಬಾಡಿಗೆಗೆ ಹಿಡಿಯಲು ಹೋಗುವ ರೈತರು ಮೇಲೆ ಹೇಳಿದಂತೆ ಸರಪಣಿಯನ್ನು ಪರೀಕ್ಷಿಸಬಹುದು.

ದುರಸ್ತಾದ ಬಳಿಕ ಸರಪಣಿಯನ್ನು ಬಿಗಿಯಾಗಿಯೇ ಇಡಬೇಕೆಂಬ ತಪ್ಪು ತಿಳಿವಳಿಕೆಯು ಹಲವರಲ್ಲಿದೆ. ಅತಿ ಬಿಗಿಯಾದ ಸರಪಣಿಯು ಸಡಿಲವಾದುದಕ್ಕಿಂತ ಬೇಗ ಸವೆಯುವುದು. ಮೇಲಿನ ಉರುಳೆಗೂ ಮುಂದಿನ ಚಕ್ರಕ್ಕೂ ನಡುವೆ ಒಂದರಿಂದ ಒಂದೂವರೆ ಅಂಗುಲದ ಜೋಲು ಇರುವುದು ಹಳೆಯ ಯಂತ್ರಗಳಿಗೆ ಸಾಮಾನ್ಯವಾದ ಅಳತೆ. ಹಸಿ ಜೇಡಿಮಣ್ಣಿನಲ್ಲಿ ದುಡಿಯುವಾಗ ಹಲ್ಲುಗಳ ನಡುವೆ ಮಣ್ಣು ತುಂಬಿ ಸರಪಣಿಯು ತಾನಾಗಿಯೇ ಬಿಗಿಯುವುದರಿಂದ, ಅಂಥ ನೆಲದಲ್ಲಿ ಇನ್ನೂ ಸ್ವಲ್ಪ ಸಡಿಲಿಸಿ, ಪ್ರತಿ ಸಂಜೆ ಮಣ್ಣು ಒಣಗುವ ಮೊದಲೇ ಗುದ್ದಲಿಯಿಂದ ಕೆರೆದು, ಯಂತ್ರವನ್ನು ಹಲಗೆಗಳ ಮೇಲೆ ನಿಲ್ಲಿಸಿ, ಬಕೆಟ್ಟನ್ನು ನೆಲಕ್ಕೆ ಇಳಿಸಿ, ಹೊಗೆಯ ಕೊಳವೆಗೆ ಡಬ್ಬಿಯನ್ನು ಮುಚ್ಚಿ ಹೋಗತಕ್ಕದ್ದು.