ಗಿರಿಯ ಏಣಿನ ಮೇಲೆ ಎರಡು ದಿನ

ಓಡುವುದೆಂದರೆ ನಮ್ಮ ಹಿರಿಯರಿಗೆ ಅವಸರದ ಕೆಲಸವಾಗಿತ್ತು. ಬಸ್ಸು ತಪ್ಪೀತೆಂದೋ, ಕಣ್ಣಿ ಕಿತ್ತುಕೊಂಡ ಹೋರಿಯನ್ನು ಹಿಡಿಯಲೆಂದೋ ಓಡುತ್ತಿದ್ದರೇ ಹೊರತು, ಓಟದ ಸಂತೋಷಕ್ಕಾಗಿಯೇ ಓಡಿದವರು ವಿರಳ. ಈಚಿನ ವರ್ಷಗಳಲ್ಲಿ ನಮ್ಮ ಕುಟುಂಬಗಳಲ್ಲಿಯೂ ಒಂದು ಹೊಸ ಹವ್ಯಾಸ ಕಾಣಿಸಿಕೊಂಡಿದೆ. ಶನಿವಾರ, ಭಾನುವಾರಗಳಂದು ನಾಲ್ಕಾರು ಸ್ನೇಹಿತರು ಕೂಡಿ, ಡಾಂಬರು ರಸ್ತೆಯನ್ನು ತೊರೆದು, ಗುಡ್ಡಗಾಡಿನ ಕಾಲುದಾರಿಗಳಲ್ಲಿ ಇಪ್ಪತ್ತೋ ಮೂವತ್ತೋ ಕಿಲೋಮೀಟರ್ ಕ್ರಮಿಸುವುದೇ ಆ ಹವ್ಯಾಸ. ‘ಟ್ರೇಲ್ ರನ್ನಿಂಗ್’ ಎಂಬ ಹೆಸರಿನಲ್ಲಿ ಓಟವಿದ್ದರೂ ಇದರಲ್ಲಿ ಅರ್ಧ ನಡಿಗೆಯೇ. ಏರಿನಲ್ಲಿ ನಡೆಯುವುದು, ಸಮತಟ್ಟಿನಲ್ಲಿ ಓಡುವುದು, ಇಳಿಜಾರಿನಲ್ಲಿ ಎಚ್ಚರದಿಂದ ಹೆಜ್ಜೆಯಿಡುವುದು. ಇಷ್ಟೇ ಇದರ ಕ್ರಮ. ಏರಿಗಿಂತ ಇಳುಕಲೇ ಕಠಿಣವೆಂಬುದು ಹೊಸಬರಿಗೆ ಮರುದಿನ ತಿಳಿಯುತ್ತದೆ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕಾಗುವುದರಿಂದ ನೋವು ಅಲ್ಲಿಯೇ ಮನೆಮಾಡುತ್ತದೆ.

ಗುಡ್ಡದ ಓಟದಲ್ಲಿ ಸಂಗಾತಿಯ ಸ್ಥಾನವೇನೆಂಬುದಕ್ಕೆ ಇಂಗ್ಲೆಂಡಿನದೊಂದು ಉದಾಹರಣೆಯಿದೆ. ೧೯೩೨ರ ಜೂನ್ ತಿಂಗಳಿನಲ್ಲಿ ಕೆಸ್ವಿಕ್ ಎಂಬ ಊರಿನಲ್ಲಿ ವಸತಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ ಎಂಬಾತ ಅಲ್ಲಿನ ಸರೋವರ ಪ್ರಾಂತದ ೪೨ ಶಿಖರಗಳನ್ನು ೨೪ ಗಂಟೆಗಳೊಳಗೆ ಸುತ್ತಿಬಂದ. ಕಾಲಿಗೆ ಟೆನ್ನಿಸ್ ಶೂ, ಮೈಗೆ ಪೈಜಾಮದ ಅಂಗಿ! ಇಂದಿಗೂ ನೂರಾರು ಮಂದಿ ಸುಮಾರು ೧೦೬ ಕಿಲೋಮೀಟರಿನ ಆ ಸುತ್ತನ್ನು ಪ್ರಯತ್ನಿಸುತ್ತಾರೆ. ೧೯೭೧ರಲ್ಲಿ ಆತನ ಹೆಸರಿನಲ್ಲಿ ಸ್ಥಾಪಿತವಾದ ಕ್ಲಬ್ಬಿನ ಸದಸ್ಯತ್ವ ಬೇಕೆಂದರೆ ಒಂದು ನಿಯಮವುಂಟು: ಪ್ರತಿಯೊಂದು ಶಿಖರದ ಮೇಲೂ ಜೊತೆಗಾರನೊಬ್ಬ ಸಾಕ್ಷಿಯಾಗಿರಬೇಕು. ಒಬ್ಬಂಟಿಯಾಗಿ ಎಷ್ಟೇ ವೇಗವಾಗಿ ಓಡಿದರೂ ಅದು ಲೆಕ್ಕಕ್ಕೆ ಬಾರದು. ಈ ನಿಯಮ ನನಗೆ ಬಹಳ ಮೆಚ್ಚುಗೆಯಾದುದು. ಅದರ ಬೆಲೆ ನಮಗೆ ಮನವರಿಕೆಯಾದದ್ದು ಕಳೆದ ನವೆಂಬರಿನಲ್ಲಿ, ಚಂದ್ರದ್ರೋಣ ಪರ್ವತದ ಏಣಿನ ಮೇಲೆ.

ದಾವಣಗೆರೆಯಿಂದ ಹೊರಟವರು ನಾವು ನಾಲ್ವರು. ಕಾಲೇಜಿನ ಉಪನ್ಯಾಸಕರೊಬ್ಬರು, ಅವರ ಇಪ್ಪತ್ತಮೂರು ವರ್ಷದ ಮಗಳು, ಐವತ್ತು ದಾಟಿದ ಬ್ಯಾಂಕ್ ಉದ್ಯೋಗಿ ಮಿತ್ರರು ಹಾಗೂ ನಾನು. ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿಯೇ ಪಡೆದಿದ್ದೆವು. ಶನಿವಾರ ಸರ್ಪದಾರಿಯಿಂದ ಮುಳ್ಳಯ್ಯನಗಿರಿಯನ್ನೇರಿ, ಏಣಿನ ಗುಂಟ ಬಾಬಾಬುಡನ್‌ಗಿರಿಯತ್ತ ಸಾಗಿ, ಅತ್ತಿಗುಂಡಿಯಲ್ಲಿ ತಂಗುವುದು. ಭಾನುವಾರ ಕೆಮ್ಮಣ್ಣುಗುಂಡಿಯವರೆಗೆ ಓಡುವುದು ನಮ್ಮ ಯೋಜನೆಯಾಗಿತ್ತು. ಚೀಲದಲ್ಲಿ ಶೇಂಗಾ ಉಂಡೆ, ಬಾಳೆಹಣ್ಣು, ಉಪ್ಪು ಹಚ್ಚಿದ ಖಾರ ಮಂಡಕ್ಕಿ. ಉಪ್ಪು ಬೇಕೇ ಎಂದು ಕೆಲವರು ಕೇಳುವುದುಂಟು. ಗಂಟೆಗಟ್ಟಲೆ ಬೆವರಿದ ಮೇಲೆ ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿನ ಸೋಡಿಯಂ ಕುಸಿದು ಪ್ರಾಣಕ್ಕೇ ಅಪಾಯವಾಗುವ ಸಂಗತಿಯನ್ನು ದಕ್ಷಿಣ ಆಫ್ರಿಕದ ವೈದ್ಯ ಟಿಮ್ ನೋಕ್ಸ್ ಮತ್ತು ಸಂಗಡಿಗರು ೧೯೮೫ರಲ್ಲಿಯೇ ಪ್ರಕಟಿಸಿದ್ದಾರೆ. ನೀರು ಬಾಯಾರಿಕೆಯಾದಷ್ಟೇ ಸಾಕು.

ಬುಡದ ಕಾಫಿತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದ ಹೆಂಗಸೊಬ್ಬರು ನಮ್ಮನ್ನು ನೋಡಿ, “ಯಾಕ್ರಣ್ಣ ಹಂಗೆ ಓಡ್ತೀರಿ? ಕಾಟಿ ಏನಾದ್ರೂ ಅಟ್ಟಿಸ್ಕೊಂಡ್ ಬಂತಾ?” ಎಂದು ವಿಚಾರಿಸಿದರು. ಉತ್ತರ ಹೇಳಲು ನಮಗೂ ತೋಚಲಿಲ್ಲ.

ಮುಳ್ಳಯ್ಯನಗಿರಿಯ ಎತ್ತರ ೧೯೩೦ ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಮುಳ್ಳಪ್ಪ ಸ್ವಾಮಿಗಳ ಗದ್ದುಗೆಗೆ ಕೈಮುಗಿದು ಏಣಿಗಿಳಿಯುವ ಹೊತ್ತಿಗೆ ಮಂಜು ಮುಸುಕಿತ್ತು. ೨೦೨೨ರಲ್ಲಿ ಕುರಿಂಜಿ ಅರಳಿ ನೀಲಿಯಾಗಿದ್ದ ಇಳಿಜಾರುಗಳಲ್ಲಿ ಅಂದು ಬೂದುಬಣ್ಣದ ಹುಲ್ಲಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಸ್ವಲ್ಪ ದೂರ ಸಾಗುವುದರೊಳಗೆ ಸೋನೆಮಳೆ ಹಿಡಿಯಿತು, ಜೊತೆಗೆ ಬೀಸುಗಾಳಿ. ಬ್ಯಾಂಕಿನ ಮಿತ್ರರು ಭಾರವೆಂದು ಮಳೆಯಂಗಿಯನ್ನು ಕೆಳಗೆ ಕಾರಿನಲ್ಲಿಯೇ ಬಿಟ್ಟುಬಂದಿದ್ದರು. ಮೊದಮೊದಲು ನಡುಗುತ್ತಲೇ ನಗೆಚಾಟಿಕೆ ಮಾಡುತ್ತಿದ್ದವರು ಬರಬರುತ್ತ ಮೌನವಾದರು. ಸಣ್ಣ ಕಲ್ಲುಗಳಿಗೂ ಎಡವತೊಡಗಿದರು. ಕೊನೆಗೆ ಒಂದು ಬಂಡೆಯ ಬಳಿ ಕುಳಿತು, “ನೀವು ಮುಂದೆ ಹೋಗ್ರಿ, ನಾ ಸಾವಕಾಶ ಬರ್ತೀನಿ” ಎಂದರು.

ಈ ಮಾತಿನಲ್ಲಿ ನಮ್ಮ ಸಂಸ್ಕಾರದ ಸೌಜನ್ಯವಿದೆ. ತನ್ನಿಂದ ಪರರಿಗೆ ತೊಡಕಾಗಬಾರದೆಂಬ ಸಂಕೋಚವಿದೆ. ಬೆಟ್ಟದ ಮೇಲೆ ಇದಕ್ಕಿಂತ ಅಪಾಯಕಾರಿಯಾದ ಮಾತು ಬೇರೊಂದಿಲ್ಲವೆಂದು ನನ್ನ ಖಚಿತ ಅಭಿಪ್ರಾಯ. ನೆನೆದ ಬಟ್ಟೆಯ ಮೂಲಕ ದೇಹದ ಶಾಖ ಬಹು ವೇಗವಾಗಿ ಸೋರಿಹೋಗುತ್ತದೆ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಶೀಘ್ರವಾಗಿ ಶಾಖವನ್ನು ಸೆಳೆಯಬಲ್ಲದು. ಚಳಿ ಮೈಯೊಳಗಿಳಿದಂತೆ ಮಾತು ತೊದಲುತ್ತದೆ, ಕೈಬೆರಳುಗಳು ಹೇಳಿದಂತೆ ಕೇಳುವುದಿಲ್ಲ, ಬುದ್ಧಿಯೂ ಮಂದವಾಗುತ್ತದೆ. ಹಾಗಾದವನಿಗೆ ತನ್ನ ಸ್ಥಿತಿ ತನಗೇ ತಿಳಿಯದು. ಅದನ್ನು ಕಾಣಬಲ್ಲವರು ಪಕ್ಕದಲ್ಲಿರುವವರು ಮಾತ್ರ.

ಇದು ಉತ್ಪ್ರೇಕ್ಷೆಯಲ್ಲ. ೨೦೨೧ರ ಮೇ ೨೨ರಂದು ಚೀನಾದ ಗಾನ್ಸು ಪ್ರಾಂತದಲ್ಲಿ ನಡೆದ ೧೦೦ ಕಿಲೋಮೀಟರ್ ಗುಡ್ಡದ ಓಟದಲ್ಲಿ ೧೭೨ ಮಂದಿ ಹೊರಟಿದ್ದರು. ನಡುಹಗಲಿನಲ್ಲಿ ಹಠಾತ್ತನೆ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ ಎರಗಿದವು. ಅನೇಕರ ಮೈಮೇಲೆ ಇದ್ದುದು ತೆಳು ಅಂಗಿ, ಚಡ್ಡಿಗಳು ಮಾತ್ರ. ೨೧ ಮಂದಿ ಅಸುನೀಗಿದರು. ದೇಶದ ಅಗ್ರಗಣ್ಯ ಓಟಗಾರರೂ ಅವರಲ್ಲಿದ್ದರು. ಜು ಕೆಮಿಂಗ್ ಎಂಬ ಕುರಿಗಾಹಿಯು ತಾನು ಆಶ್ರಯ ಪಡೆದಿದ್ದ ಗವಿಗೆ ಆರು ಮಂದಿಯನ್ನು ಕರೆತಂದು, ಬೆಂಕಿ ಹಾಕಿ ಕಾಪಾಡಿದ. ಅಲ್ಲಿ ಜೀವ ಉಳಿಸಿದ್ದು ಕಾಲಿನ ಕಸುವಲ್ಲ.

ನಮ್ಮ ಸಂದರ್ಭದಲ್ಲಿ ತೀರ್ಮಾನ ಕೈಗೊಂಡವಳು ಉಪನ್ಯಾಸಕರ ಮಗಳು. ನಮ್ಮೆಲ್ಲರಿಗಿಂತ ವೇಗಿ ಅವಳು. ಐವತ್ತು ಕಿಲೋಮೀಟರಿನ ಸ್ಪರ್ಧೆಯೊಂದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಿದ್ದವಳಿಗೆ ಅದಕ್ಕೂ ಮುನ್ನ ದೊರೆಯಬಹುದಾಗಿದ್ದ ದೀರ್ಘ ಓಟ ಅದೊಂದೇ. “ಮಾವಾ, ನಿಮ್ಮ ಬ್ರಾಂಚ್ ಯಾವುದು ಹೇಳ್ರಿ” ಎಂದು ಕೇಳಿದಳು. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಅಷ್ಟೇ ಸಾಕಾಯಿತು. ಅವರ ಒದ್ದೆ ಅಂಗಿಯನ್ನು ಬಿಚ್ಚಿಸಿ, ತನ್ನ ಚೀಲದಲ್ಲಿದ್ದ ಒಣ ಸ್ವೆಟರನ್ನೂ ತೊಟ್ಟಿದ್ದ ಮಳೆಯಂಗಿಯನ್ನೂ ಅವರಿಗೇ ತೊಡಿಸಿದಳು. ಅವಳಿಗೆ ಅವಳ ತಂದೆ ತಮ್ಮ ಮಳೆಯಂಗಿ ಕೊಟ್ಟರು. ಎರಡು ಶೇಂಗಾ ಉಂಡೆ ತಿನ್ನಿಸಿ, ಮಿತ್ರರನ್ನು ನಡುವೆ ನಿಲ್ಲಿಸಿಕೊಂಡು, ಮಾತನಾಡಿಸುತ್ತಲೇ ಕೆಳಗಿನ ರಸ್ತೆಗೆ ಇಳಿಸಿದೆವು. ರಸ್ತೆಬದಿಯ ಚಹಾದಂಗಡಿಯಾತ ಒಲೆಯ ಮುಂದೆಯೇ ಜಾಗ ಮಾಡಿಕೊಟ್ಟ. ಮೂರನೆಯ ಲೋಟ ಮುಗಿಯುವ ವೇಳೆಗೆ ಮಿತ್ರರು ಬ್ರಾಂಚಿನ ಹೆಸರನ್ನಷ್ಟೇ ಅಲ್ಲ, ಅಲ್ಲಿನ ಮ್ಯಾನೇಜರರ ಗುಣಾವಗುಣಗಳನ್ನೂ ವಿವರಿಸತೊಡಗಿದ್ದರು.

ಭಾನುವಾರ ಕೆಮ್ಮಣ್ಣುಗುಂಡಿಗೆ ಹೋಗಲಿಲ್ಲ. ಆಕಾಶ ತಿಳಿಯಾಗಿದ್ದುದು ಹುಡುಗಿಗೆ ನೋವನ್ನೇ ತಂದಿರಬೇಕು, ಬಾಯಿಬಿಟ್ಟು ಹೇಳಲಿಲ್ಲ. ಅತ್ತಿಗುಂಡಿಯ ಸುತ್ತಿನ ತೋಟದ ರಸ್ತೆಗಳಲ್ಲಿ ನಾಲ್ವರೂ ಮಿತ್ರರ ಹೆಜ್ಜೆಗೆ ಹೆಜ್ಜೆಯಿಟ್ಟು ಎಂಟು ಕಿಲೋಮೀಟರ್ ನಡೆದೆವು.

ಆ ಸ್ಪರ್ಧೆಯಲ್ಲಿ ಅವಳು ಕೊನೆಯವರೆಗೂ ಓಡಿದಳು, ತಾನೆಣಿಸಿದ್ದಕ್ಕಿಂತ ನಲವತ್ತು ನಿಮಿಷ ತಡವಾಗಿ. ಏಣಿನ ಉಳಿದ ಭಾಗಕ್ಕೆ ಮತ್ತೊಂದು ಶನಿವಾರ ಗೊತ್ತುಮಾಡಿದ್ದೇವೆ. ಬ್ಯಾಂಕಿನ ಮಿತ್ರರು ಕಡುಹಳದಿ ಬಣ್ಣದ ಮಳೆಯಂಗಿಯೊಂದನ್ನು ಕೊಂಡಿದ್ದು, ಅದನ್ನು ದಿನವೂ ಬ್ಯಾಂಕಿಗೂ ಒಯ್ಯುತ್ತಾರೆಂದು ಅವರ ಮನೆಯವರ ದೂರು.