ಹೆಡತಲೆ ಬದಿಯ ಮಣ್ಣಿನ ಗೋಡೆ, ನಮ್ಮೂರಿನ ಟೆರೇಸ್ ಬಿಸಿ

ಮನೆ ಕಟ್ಟುವ ಮಾತು ಬಂತೆಂದರೆ ನಮ್ಮಲ್ಲಿ ಮೊದಲು ಏಳುವುದು ಟೈಲ್ಸ್ ಯಾವುದು, ಎದುರಿನ ಎಲಿವೇಶನ್ ಹೇಗೆ ಎಂಬ ಚರ್ಚೆ. ಗಲ್ಫಿನಲ್ಲಿ ಹತ್ತು ಹದಿನೈದು ವರ್ಷ ದುಡಿದ ಹಣ ಅದು. ರಜೆಯಲ್ಲಿ ಬಂದ ಮಗ ಮೇಸ್ತ್ರಿಯ ಕೈಗೆ ಪ್ಲ್ಯಾನ್ ಕೊಟ್ಟು ವಾಪಸ್ ಹೋಗುತ್ತಾನೆ. ಎರಡು ವರ್ಷ ಕಳೆದು ಮನೆ ಎದ್ದು ನಿಂತಾಗ ನೋಡಲು ಚೆಂದವೇ, ಆದರೆ ಎಪ್ರಿಲ್ ರಾತ್ರಿ ಮೇಲಿನ ಕೋಣೆಯಲ್ಲಿ ಮಲಗಲಿಕ್ಕೆ ಆಗುವುದಿಲ್ಲ. ಮತ್ತೆ ಏಸಿ, ಅದರ ಹಿಂದೆಯೇ ಕರೆಂಟ್ ಬಿಲ್ಲು.

ನಂಜನಗೂಡು ತಾಲೂಕಿನ ಹೆಡತಲೆ, ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಸ್ಥಾನದಿಂದ ಹೆಸರಾದ ಊರು. ಆ ಬದಿಯ ಹಳೆಯ ಹಳ್ಳಿಮನೆ ಎಂದರೆ ದಪ್ಪ ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ಅನುಕೂಲ ಇದ್ದವರದ್ದಾದರೆ ನಡುವೆ ತೆರೆದ ತೊಟ್ಟಿ. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ತಂಪು. ಹಾಗಾದರೆ ನಾವೂ ಹಾಗೆಯೇ ಕಟ್ಟಬಹುದಲ್ಲ ಎಂದು ಕೇಳಬಹುದು. ಪೂರ್ತಿ ಹಾಗೆಯೇ ಕಟ್ಟಿದರೆ ಪ್ರಯೋಜನವಿಲ್ಲ.

ಕಾರಣ ರಾತ್ರಿಯದ್ದು. ಎಪ್ರಿಲಿನಲ್ಲಿ ಮೈಸೂರು ಬದಿ ಹಗಲು 34-35 ಡಿಗ್ರಿಗೆ ಏರಿದರೂ ರಾತ್ರಿ 21-22ಕ್ಕೆ ಇಳಿಯುತ್ತದೆ. ದಪ್ಪ ಗೋಡೆ ಹಗಲಿನ ಬಿಸಿಯನ್ನು ನಿಧಾನವಾಗಿ ಹೀರಿಕೊಂಡು ರಾತ್ರಿ ಹೊರಗೆ ಬಿಡುತ್ತದೆ, ಬೆಳಗ್ಗೆಗೆ ಮತ್ತೆ ತಂಪು. ಮಂಗಳೂರಿನಲ್ಲಿ ಹಗಲು 33-34, ರಾತ್ರಿ 25-26. ಮೇಲಿಂದ ಬೆವರು. ಗೋಡೆ ಬಿಸಿಯನ್ನು ಬಿಡಬೇಕೆಂದರೂ ಹೊರಗೆ ತಂಪೇ ಇಲ್ಲ. ಆದ್ದರಿಂದ ಕರಾವಳಿಯಲ್ಲಿ ಕೆಲಸ ಮಾಡುವುದು ಗೋಡೆಯ ದಪ್ಪವಲ್ಲ, ನೆರಳು ಮತ್ತು ಗಾಳಿ. ಎದುರುಬದುರು ಕಿಟಕಿ, ಉದ್ದ ಸಜ್ಜಾ, ಪಡುಬದಿ ಗೋಡೆಗೆ ಬಿಸಿಲು ತಾಗದ ಹಾಗೆ ಜಗಲಿಯೋ ಮರವೋ. ವ್ಯಾಪಾರ ಎಂದು ಮೈಸೂರು, ನಂಜನಗೂಡು ಕಡೆ ನೆಲೆಸಿ ಅಲ್ಲೇ ಜಾಗ ಮಾಡಿದವರು ಮಾತ್ರ ಇಲ್ಲಿನ ಪ್ಲ್ಯಾನನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬಾರದು. ಅಲ್ಲಿ ಗೋಡೆಗೆ ಹಾಕುವ ಖರ್ಚು ದಂಡವಲ್ಲ.

ಆ ಗೋಡೆಗೆ ಮಣ್ಣನ್ನೇ ಬಳಸುವ ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ವಿಭಾಗ ಒತ್ತುಮಣ್ಣಿನ ಇಟ್ಟಿಗೆಯನ್ನು ಹಲವು ವರ್ಷ ಪರೀಕ್ಷಿಸಿ ಜನರಿಗೆ ತಲುಪಿಸಿತು. ಜರಡಿ ಹಿಡಿದ ಕೆಂಪು ಮಣ್ಣಿಗೆ ಬೇಕಾದಷ್ಟು ಮರಳು, ಶೇ. 5ರಿಂದ 8ರಷ್ಟು ಸಿಮೆಂಟ್ ಸೇರಿಸಿ, ಕೈಯಂತ್ರದಲ್ಲಿ ಒತ್ತಿ, ಎರಡು ಮೂರು ವಾರ ನೀರು ಹಾಕಿ ಹದ ಮಾಡುವುದು. ಸುಡಬೇಕಾಗಿಲ್ಲ, ಅಂದರೆ ಗೂಡಿಗೆ ಕಟ್ಟಿಗೆಯ ಖರ್ಚೇ ಇಲ್ಲ. ಮನೆಯವರೇ ಕೈಜೋಡಿಸಬಹುದಾದ ಕೆಲಸ ಇದು. ಆದರೆ ಒಂದು ಎಚ್ಚರಿಕೆ: ನಂಜನಗೂಡು, ತಿ. ನರಸೀಪುರ ಸುತ್ತ ಕೆಂಪು ಮಣ್ಣಿನ ಜೊತೆ ಕಪ್ಪು ಮಣ್ಣಿನ ಜಾಗಗಳೂ ಇವೆ. ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದು ಇಟ್ಟಿಗೆಗೂ ಆಗುವುದಿಲ್ಲ, ಅದರ ಮೇಲೆ ಸಾದಾ ಪಾಯ ಹಾಕಿದರೆ ಗೋಡೆಯೂ ಉಳಿಯುವುದಿಲ್ಲ. ಅಂಥ ಜಾಗದಲ್ಲಿ ಮೇಸ್ತ್ರಿಯ ಅಂದಾಜು ಸಾಲದು, ಇಂಜಿನಿಯರ್‌ಗೆ ತೋರಿಸಿಯೇ ಪಾಯ ತೆಗೆಯಬೇಕು. ನಮ್ಮ ಕರಾವಳಿಯವರಿಗೆ ಈ ತಲೆಬಿಸಿ ಇಲ್ಲ, ಕೆಂಪುಕಲ್ಲು ಇದೆ. ಅದಕ್ಕೆ ಒಳಗೆ ಹೊರಗೆ ದಪ್ಪ ಸಿಮೆಂಟ್ ಬಳಿದು ಮುಚ್ಚುವುದು ಯಾಕೋ ಗೊತ್ತಿಲ್ಲ.

ಇನ್ನು ಮಾಡು. ಮನೆಗೆ ಬಿಸಿ ಬರುವುದು ಹೆಚ್ಚಾಗಿ ತಲೆಯ ಮೇಲಿಂದ. ಖಾಲಿ ಕಾಂಕ್ರೀಟ್ ಟೆರೇಸ್ ಹಗಲಿಡೀ ಕಾದು ಮಧ್ಯರಾತ್ರಿವರೆಗೂ ಕೋಣೆಗೆ ಬಿಸಿ ಇಳಿಸುತ್ತದೆ. ಮೈಸೂರು ಬದಿ ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಅಷ್ಟೇ. ಅಲ್ಲಿ ಟೆರೇಸಿಗೆ ಒಡೆದ ಬಿಳಿ ಟೈಲ್ಸ್ ಕೂರಿಸಿದರೆ, ಅದೂ ಆಗದಿದ್ದರೆ ಬೇಸಿಗೆಗೆ ಮೊದಲು ಸುಣ್ಣ ಹೊಡೆದರೆ ಕೆಳಗೆ ಫರಕು ಗೊತ್ತಾಗುತ್ತದೆ. ಅದರ ನಾಲ್ಕು ಪಟ್ಟು ಮಳೆ ಬೀಳುವ ನಮ್ಮಲ್ಲಿ ಸುಣ್ಣ ನಿಲ್ಲುವುದಿಲ್ಲ, ಪಾಚಿ ಕಟ್ಟುತ್ತದೆ. ಇಲ್ಲಿ ಟೆರೇಸಿನ ಮೇಲೆ ಶೀಟ್ ಹಾಕುವ ರೂಢಿ ಇದೆಯಲ್ಲ, ಅದು ಸೋರುವುದಕ್ಕೆ ಮಾತ್ರ ಮದ್ದಲ್ಲ, ಬಿಸಿಗೂ ಮದ್ದು. ಆದರೆ ಬದಿಗಳನ್ನು ಮುಚ್ಚಬಾರದು. ಶೀಟಿನ ಅಡಿಯಲ್ಲಿ ಗಾಳಿ ಆಡಿದರೆ ನೆರಳು, ಆಡದಿದ್ದರೆ ಒಲೆ.

ಹಂಚನ್ನು ಸ್ಲ್ಯಾಬಿನ ಒಳಗೇ ಹಾಕುವ ಫಿಲ್ಲರ್ ಸ್ಲ್ಯಾಬ್ ಕ್ರಮವನ್ನು ಕೇರಳದಲ್ಲಿ ಲಾರಿ ಬೇಕರ್ ಜನಪ್ರಿಯಗೊಳಿಸಿದರು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟ್ ಭಾರ ಹೊರುವುದು ಕಡಿಮೆ. ಸರಳುಗಳ ನಡುವಿನ ಆ ಜಾಗದಲ್ಲಿ ಹಂಚು ಕೂರಿಸಿದರೆ ಕಾಂಕ್ರೀಟ್ ಉಳಿಯುತ್ತದೆ, ಬಿಸಿಯೂ ಸ್ವಲ್ಪ ತಗ್ಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಹಂಚಿಗೆ ನಮ್ಮೂರಿನದೇ ಹೆಸರು. ಹಳೆ ಮನೆ ಬಿಚ್ಚಿದ ಹಂಚು ಇದಕ್ಕೆ ಧಾರಾಳ ಸಾಕು. ಈ ಕೆಲಸ ಮಾಡಿ ಗೊತ್ತಿರುವ ಮೇಸ್ತ್ರಿ ಸಿಕ್ಕರೆ ಮಾತ್ರ ಕೈಹಾಕಿ.

ಬಿಸಿನೀರಿನ ಲೆಕ್ಕ ಯಾರೂ ಮಾಡುವುದಿಲ್ಲ. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಸುಮಾರು ಅರ್ಧ ಯೂನಿಟ್ ಕರೆಂಟ್ ಬೇಕು. ಐದು ಜನರ ಮನೆಯಲ್ಲಿ ದಿನಕ್ಕೆ ಐದು ಬಕೆಟ್ ಎಂದರೂ ತಿಂಗಳಿಗೆ 75 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ ಎಂಬುದು ನೆನಪಿರಲಿ. ಹೆಡತಲೆ ಬದಿ ವರ್ಷದ ಹೆಚ್ಚಿನ ದಿನ ಸೋಲಾರ್ ಹೀಟರ್ ಸಾಕು. ಬೋರ್‌ವೆಲ್‌ನ ಗಡಸು ನೀರಾದರೆ ತಾಮ್ರದ ಪ್ಲೇಟಿನದ್ದಕ್ಕಿಂತ ಗಾಜಿನ ಟ್ಯೂಬಿನದ್ದು ವಾಸಿ, ಪ್ಲೇಟಿನ ಸಣ್ಣ ಕೊಳವೆಗಳು ಬೇಗ ಕಟ್ಟಿಕೊಳ್ಳುತ್ತವೆ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಅದನ್ನು ನಂಬಬೇಡಿ. ಬಚ್ಚಲಿನ ಹಂಡೆ, ತೆಂಗಿನ ಸಿಪ್ಪೆ, ಮಡಲು ಇರುವ ಮನೆಯವರು ಅದನ್ನು ಕಿತ್ತು ಹಾಕುವ ಅವಸರ ಮಾಡುವುದು ಬೇಡ. ಹೊಗೆಕೊಳವೆ ಒಂದು ಸರಿಯಾಗಿರಲಿ.

ಮೈಸೂರು ಬದಿ ಡಿಸೆಂಬರ್, ಜನವರಿಯ ಮುಂಜಾವು 16-17 ಡಿಗ್ರಿಗೆ ಇಳಿಯುತ್ತದೆ. ಕರಾವಳಿಯಿಂದ ಹೋದವರಿಗೆ ಅದೇ ದೊಡ್ಡ ಚಳಿ. ಬಾಣಂತಿ, ಮಗು, ವಯಸ್ಸಾದವರು ಇದ್ದರೆ ಕೋಣೆ ಮುಚ್ಚಿ ಕೆಂಡ ಇಡುವವರಿದ್ದಾರೆ. ದಯವಿಟ್ಟು ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಬಾಗಿಲು ಹಾಕಿದ ಬಾತ್‌ರೂಮಿನ ಒಳಗಿನ ಗ್ಯಾಸ್ ಗೀಸರ್ ಕೂಡ ಇದೇ ರೀತಿ ಜೀವ ತೆಗೆಯುತ್ತದೆ. ಅದನ್ನು ಹೊರಗೋಡೆಗೆ ಹಾಕಿಸಿ, ಒಳಗೆ ಪೈಪ್ ಮಾತ್ರ ಬರಲಿ. ಮಲಗುವ ಕೋಣೆ ಬೆಚ್ಚಗಿರಬೇಕಾದರೆ ಅದು ತೆಂಕು ಬದಿಗೆ ಇರಲಿ. ಚಳಿಗಾಲದ ಸೂರ್ಯ ತೆಂಕಣಕ್ಕೆ ವಾಲಿರುವುದರಿಂದ ಹಗಲು ಬಿಸಿಲು ಒಳಗೆ ಬಂದು ಗೋಡೆ ಕಾಯುತ್ತದೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಸಜ್ಜಾ ಅವನನ್ನು ತಡೆಯುತ್ತದೆ.

ಸೋಲಾರ್ ಕರೆಂಟಿನ ಬಗ್ಗೆ ಎಲ್ಲರೂ ಕೇಳುತ್ತಾರೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಬ್ಸಿಡಿ ನಿಗದಿಯಾಗಿತ್ತು. ಒಳ್ಳೆಯದೇ. ಆದರೆ 200 ಯೂನಿಟ್ ಒಳಗೆ ಇರುವ ಮನೆಗೆ ಸದ್ಯಕ್ಕೆ ಅದರಿಂದ ಬರುವ ಲಾಭ ಕಡಿಮೆ. ಮೊದಲು ಫ್ಯಾನ್ ಬದಲಿಸಿ: ಹಳೆಯದು 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ನಾಲ್ಕು ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 65 ಯೂನಿಟ್ ಉಳಿಯುತ್ತದೆ. ಮುಂದೆ ಬೇಕಾದೀತು ಎಂದಿದ್ದರೆ ಟೆರೇಸಿನಲ್ಲಿ ಟ್ಯಾಂಕಿನ ನೆರಳು ಬೀಳದ 300 ಚದರಡಿ ಜಾಗ ಬಿಟ್ಟಿರಿ. ಬಿಸಿನೀರಿಗೆ ಒಂದು, ವಯರಿಗೆ ಒಂದು ಪೈಪನ್ನು ಸ್ಲ್ಯಾಬ್ ಹಾಕುವ ದಿನವೇ ಇಡಿಸಿ. ಬಾತ್‌ರೂಮು, ಅಡುಗೆಮನೆ ಆ ಪೈಪಿನ ಹತ್ತಿರವೇ ಬರುವಂತೆ ಪ್ಲ್ಯಾನ್ ಮಾಡಿಸಿ. ಇಲ್ಲವಾದರೆ ದಿನಾ ಬೆಳಗ್ಗೆ ಪೈಪಿನಲ್ಲಿ ತಣಿದ ಒಂದು ಬಕೆಟ್ ನೀರು ಚರಂಡಿಗೆ.