ಎರಡು ಸಾವಿರಕ್ಕಿಂತ ಅದು ಬರುವ ತಾರೀಖು ಮುಖ್ಯ

‘ಗೃಹಲಕ್ಷ್ಮಿ’ ವಿಚಾರ ಬಂದಾಗಲೆಲ್ಲ ಎರಡು ಪ್ರಶ್ನೆ ಎದುರಾಗುತ್ತವೆ. ಇಷ್ಟು ದುಡ್ಡು ಎಲ್ಲಿಂದ ತರ್ತಾರೆ ಅನ್ನೋದು ಒಂದು. ಈ ಕಾಲದಲ್ಲಿ ಎರಡು ಸಾವಿರಕ್ಕೆ ಏನು ಬರುತ್ತೆ ಅನ್ನೋದು ಇನ್ನೊಂದು. ಮೊದಲನೆಯದು ನ್ಯಾಯವಾದ ಪ್ರಶ್ನೆಯೇ. ವರ್ಷಕ್ಕೆ 28 ಸಾವಿರ ಕೋಟಿ ರೂಪಾಯಿ ಮೀರಿದ ಯೋಜನೆಗೆ ಲೆಕ್ಕ ಕೇಳಲೇಬೇಕು. ಎರಡನೆಯದಕ್ಕೆ ಉತ್ತರ ಬೇಕಾದರೆ ಮಾತ್ರ ಹಳ್ಳಿಯ ಬಡ ಕುಟುಂಬವೊಂದರ ಮನೆಯೊಳಗಿನ ಲೆಕ್ಕ ನೋಡಬೇಕು.

ನಾನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯವನು. ಮಳೆ ನಂಬಿ ಶೇಂಗಾ ಹಾಕುವ ನೆಲ ನಮ್ಮದು. ಮುಂಗಾರಿನಲ್ಲಿ ಬಿತ್ತಿದರೆ ದೀಪಾವಳಿ ಆಸುಪಾಸಿಗೆ ಕಾಯಿ ಕೈಗೆ ಬರುತ್ತೆ. ದೊಡ್ಡ ದುಡ್ಡು ಕಾಣುವುದು ವರ್ಷಕ್ಕೊಂದೇ ಸಲ. ಮಿಕ್ಕ ದಿನಗಳಲ್ಲಿ ಕೂಲಿ ಸಿಕ್ಕರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಖರ್ಚು ಹಾಗಲ್ಲ, ಅದು ದಿನಾ ಇರುತ್ತೆ. ಇಂಥ ಮನೆಯ ಆದಾಯ ಕಡಿಮೆ ಅನ್ನೋದು ಎಲ್ಲರಿಗೂ ಗೊತ್ತು. ಆ ಆದಾಯ ಯಾವಾಗ ಬರುತ್ತೆ ಅಂತ ಹೇಳಕ್ಕಾಗಲ್ಲ ಅನ್ನೋದು ಅಷ್ಟೇ ದೊಡ್ಡ ಕಷ್ಟ.

ಈ ನಡುವಿನ ಖಾಲಿ ತಿಂಗಳುಗಳನ್ನು ತುಂಬುವುದು ಸಾಲ. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ. 60 ಆಯಿತು. ಅಂಗಡಿಯ ಉದ್ರಿಗೆ ಬಡ್ಡಿ ಕಾಣಲ್ಲ, ಆದರೆ ಬಾಕಿ ಇರೋವರೆಗೆ ಬೇರೆ ಅಂಗಡಿಗೆ ಹೋಗೋಹಾಗಿಲ್ಲ, ರೇಟು ಯಾಕೆ ಜಾಸ್ತಿ ಅಂತ ಕೇಳೋಹಾಗಿಲ್ಲ. ಮೈಕ್ರೋ ಫೈನಾನ್ಸ್ ಸಂಘದ ಸಾಲಕ್ಕೆ ವಾರದ ಕಂತು. ಒಬ್ಬರು ತಪ್ಪಿಸಿದರೆ ಗುಂಪಿನ ಉಳಿದ ಹೆಂಗಸರ ಮೇಲೆ ಬರುತ್ತೆ. ಈ ವಸೂಲಿ ಕಿರುಕುಳ ಮಿತಿಮೀರಿದ್ದಕ್ಕೇ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು.

ಇಂಥ ಮನೆಗೆ ತಿಂಗಳಿಗೆ ಎರಡು ಸಾವಿರ ಬಂದರೆ ಏನಾಗುತ್ತೆ? ನಮ್ಮ ಚಿಕ್ಕಮ್ಮನ ಮನೆಯಲ್ಲಿ ನಾನು ಕಂಡದ್ದು ಹೇಳ್ತೀನಿ. ಮೊದಲು ತೀರಿದ್ದು ಅಂಗಡಿಯ ಉದ್ರಿ. ‘ದುಡ್ಡು ಹೆಚ್ಚೇನಲ್ಲ ಕಣಪ್ಪ. ಬರ್ತೈತೆ ಅಂತ ಗೊತ್ತೈತಲ್ಲ, ಅಂಗಡಿಯೋನು ಮುಂಚಿನಂಗೆ ಮುಖ ಸಿಂಡರಿಸಲ್ಲ’ ಅಂದರು. ಎರಡನೆಯದು ನನಗೆ ಹೊಳೆದೇ ಇರಲಿಲ್ಲ. ಪ್ರತಿ ವರ್ಷ ಶೇಂಗಾ ಬಿಡಿಸಿದ ವಾರದಲ್ಲೇ ವ್ಯಾಪಾರಿ ಕೇಳಿದ ರೇಟಿಗೆ ಕೊಟ್ಟುಬಿಡ್ತಿದ್ದ ಮನೆ, ಒಂದು ತಿಂಗಳು ಕಾಯಿತು. ಎಲ್ಲರ ಮಾಲು ಒಟ್ಟಿಗೆ ಮಾರುಕಟ್ಟೆಗೆ ಬಂದಾಗ ರೇಟು ಬೀಳುತ್ತೆ ಅನ್ನೋದು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಯೋಕೆ ಮನೆಯಲ್ಲಿ ಅಕ್ಕಿ, ಎಣ್ಣೆ, ಕಂತಿನ ದುಡ್ಡು ಇರಬೇಕು ಅಷ್ಟೇ.

ಎರಡು ಸಾವಿರಕ್ಕೆ ಏನು ಬರುತ್ತೆ ಅನ್ನೋರಿಗೆ ಇನ್ನೊಂದು ಲೆಕ್ಕ. 2025–26ಕ್ಕೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಶೇಂಗಾ ಬೆಂಬಲ ಬೆಲೆ ಕ್ವಿಂಟಲ್‌ಗೆ 7,263 ರೂಪಾಯಿ. ವರ್ಷದ 24 ಸಾವಿರ ಅಂದರೆ ಮೂರು ಕ್ವಿಂಟಲ್‌ಗೂ ಹೆಚ್ಚು ಶೇಂಗಾ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಒಂದು ಎಕರೆ ಅಷ್ಟು ಕೊಡಲ್ಲ. ಕೊಟ್ಟರೂ ಬೀಜ, ಗೊಬ್ಬರ, ಆಳಿನ ಖರ್ಚು ಕಳೆಯಬೇಕು.

ದುಡ್ಡು ಕೊಟ್ಟರೆ ಕುಡಿದು ಹಾಳುಮಾಡ್ತಾರೆ, ಸೋಮಾರಿಗಳಾಗ್ತಾರೆ ಅನ್ನೋ ಮಾತನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. 2011ರಲ್ಲಿ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ಮಹಿಳಾ ಕಾರ್ಮಿಕರ ಸಂಘಟನೆ ‘ಸೇವಾ’, ಯುನಿಸೆಫ್ ನೆರವಿನಿಂದ ಪ್ರತಿಯೊಬ್ಬರಿಗೂ ಷರತ್ತಿಲ್ಲದೆ ತಿಂಗಳ ಹಣ ಕೊಟ್ಟಿತು. ವಯಸ್ಕರಿಗೆ 200, ಮಕ್ಕಳಿಗೆ 100 ರೂಪಾಯಿಯಿಂದ ಶುರುವಾಗಿ ಆಮೇಲೆ 300 ಮತ್ತು 150ಕ್ಕೆ ಏರಿತು. ಕುಡಿತ ಹೆಚ್ಚಲಿಲ್ಲ. ಜನ ಸ್ವಂತ ಹೊಲದಲ್ಲಿ ಹೆಚ್ಚು ದುಡಿದರು, ದನ-ಕುರಿ ಕೊಂಡರು, ಊಟ ಸುಧಾರಿಸಿತು.

ಅದೇ ಹೊತ್ತಿಗೆ ಕೆನ್ಯಾ ದೇಶದ ಹಳ್ಳಿಗಳಲ್ಲಿ ಯೊಹಾನೆಸ್ ಹೌಶೊಫರ್ ಮತ್ತು ಜೆರೆಮಿ ಶಪಿರೊ ಎಂಬ ಅರ್ಥಶಾಸ್ತ್ರಜ್ಞರು ಇಂಥದ್ದೇ ನೆರವನ್ನು ಅಧ್ಯಯನ ಮಾಡಿದರು. ಕೆಲವು ಮನೆಗಳಿಗೆ ಹಣ ಒಂದೇ ಗಂಟಾಗಿ, ಕೆಲವಕ್ಕೆ ತಿಂಗಳ ಕಂತಾಗಿ ಹೋಗುತ್ತಿತ್ತು. ಗಂಟಾಗಿ ಪಡೆದವರು ಮನೆಗೆ ತಗಡು ಹಾಕಿಸುವಂಥ ಬಾಳಿಕೆಯ ಖರ್ಚು ಹೆಚ್ಚು ಮಾಡಿದರು. ತಿಂಗಳ ಕಂತು ಪಡೆದವರ ಮನೆಯಲ್ಲಿ ಊಟದ ಭದ್ರತೆ ಹೆಚ್ಚಿತು. ಅಂದರೆ ಎಷ್ಟು ಕೊಡ್ತೀರಿ ಅನ್ನೋದರಷ್ಟೇ ಹೇಗೆ, ಯಾವಾಗ ಕೊಡ್ತೀರಿ ಅನ್ನೋದೂ ಬದುಕನ್ನು ಬದಲಿಸುತ್ತೆ.

ಯಾರ ಕೈಗೆ ಅನ್ನೋದೂ ಸೇರಿಸಿಕೊಳ್ಳಿ. 2019ರಲ್ಲಿ ಶುರುವಾದ ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ ಆರು ಸಾವಿರ, ಮೂರು ಕಂತಿನಲ್ಲಿ ಬರುತ್ತೆ. ಅದು ಪಹಣಿಯಲ್ಲಿ ಹೆಸರಿದ್ದವರಿಗೆ. ಪಹಣಿ ನಮ್ಮಲ್ಲಿ ಹೆಚ್ಚಾಗಿ ಗಂಡಸರ ಹೆಸರಲ್ಲಿರುತ್ತೆ, ಗುತ್ತಿಗೆಗೆ ಉಳುವವರ ಹೆಸರಲ್ಲಿ ಇರುವುದೇ ಇಲ್ಲ. ಗೃಹಲಕ್ಷ್ಮಿ ಪಡಿತರ ಚೀಟಿಯ ದಾರಿ ಹಿಡಿದದ್ದರಿಂದ ಭೂಮಿ ಇಲ್ಲದ ಮನೆಯ ಹೆಂಗಸಿಗೂ ತಲುಪಿತು. 2013ರ ಆಹಾರ ಭದ್ರತಾ ಕಾಯ್ದೆ ಪಡಿತರದ ವಿಷಯದಲ್ಲಿ ಮನೆಯ ಹಿರಿಯ ಮಹಿಳೆಯೇ ಯಜಮಾನಿ ಅಂದದ್ದು ಇಲ್ಲಿ ಉಪಯೋಗಕ್ಕೆ ಬಂತು. ಇದರಲ್ಲೂ ಒಂದು ಗಂಟಿದೆ. ಒಂದು ಚೀಟಿಗೆ ಒಬ್ಬಳೇ ಯಜಮಾನಿ. ಅತ್ತೆ ಖಾತೆಗೆ ಬಂದ ದುಡ್ಡಲ್ಲಿ ಸೊಸೆಗೆ ಮಾತಿದೆಯೇ ಅನ್ನೋದು ಆಯಾ ಮನೆಯ ಮೇಲೆ ನಿಂತಿದೆ.

ಈಗ ಅಸಲಿ ತಕರಾರಿಗೆ ಬರ್ತೀನಿ. ಗೃಹಲಕ್ಷ್ಮಿ 2023ರ ಆಗಸ್ಟ್‌ 30ರಂದು ಮೈಸೂರಿನಲ್ಲಿ ಉದ್ಘಾಟನೆಯಾದಾಗ ಕೊಟ್ಟ ಮಾತು ‘ಪ್ರತಿ ತಿಂಗಳು’ ಅಂತ. ಆಮೇಲೆ ಕಂತುಗಳು ತಡವಾಗಿ, ಎರಡು ಮೂರು ತಿಂಗಳದ್ದು ಬಾಕಿ ಉಳಿದು ಸುದ್ದಿಯಾದದ್ದು ಒಂದು ಸಲವಲ್ಲ. ‘ಇವತ್ತಲ್ಲ ನಾಳೆ ಬರುತ್ತಲ್ಲ, ಅದರಲ್ಲೇನು’ ಅಂತ ಕೇಳೋರಿದ್ದಾರೆ. ಸಂಬಳದವರು ಸ್ವಲ್ಪ ಯೋಚಿಸಿ ನೋಡಿ, ನಿಮ್ಮ ಸಂಬಳ ಎರಡು ತಿಂಗಳು ನಿಂತು ಯಾವತ್ತೋ ಒಟ್ಟಿಗೆ ಬಂದರೆ? ಕಂತು ಬರುತ್ತೆ ಅಂತ ನಂಬಿದ ಹೆಂಗಸು ಅದು ಬರದಾಗ ಎರಡು ಸಾವಿರ ಕೈಸಾಲ ಮಾಡ್ತಾಳೆ. ಎರಡು ತಿಂಗಳಿಗೆ ಬಡ್ಡಿ ಇನ್ನೂರು ರೂಪಾಯಿ. ಸರ್ಕಾರದ ಪುಸ್ತಕದಲ್ಲಿ ಆಕೆಗೆ ಎರಡು ಸಾವಿರ ಕೊಟ್ಟಿದ್ದಾರೆ, ಆಕೆಯ ಲೆಕ್ಕದಲ್ಲಿ ಸಿಕ್ಕಿದ್ದು ಸಾವಿರದೆಂಟುನೂರು. ಅಂಗಡಿಯವನ ಮುಂದೆ ಗಳಿಸಿದ ನಂಬಿಕೆ ಹೋದದ್ದಕ್ಕೆ ಲೆಕ್ಕವೇ ಇಲ್ಲ. ಮುಂದಿನ ಸುಗ್ಗಿಗೆ ಶೇಂಗಾ ಇಟ್ಟುಕೊಂಡು ಕಾಯುವ ಧೈರ್ಯವನ್ನೂ ಆಕೆ ಮಾಡಲ್ಲ.

ನಗದು ನೆರವಿನಿಂದ ಎಲ್ಲವೂ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಎರಡು ಸಾವಿರದಿಂದ ಊರಿಗೆ ಡಾಕ್ಟರು ಬರಲ್ಲ, ಕೆರೆಗೆ ನೀರು ಬರಲ್ಲ. ಬೆಲೆ ಏರುತ್ತಿದ್ದಂತೆ 2023ರಲ್ಲಿ ನಿಗದಿಯಾದ ಮೊತ್ತದ ಕಿಮ್ಮತ್ತು ವರ್ಷವರ್ಷ ಕರಗುತ್ತೆ. ಬೊಕ್ಕಸಕ್ಕೆ ಇದು ಭಾರ ಅನ್ನೋದೂ ನಿಜ. ಆದರೆ ಅಷ್ಟೊಂದು ಹಣ ಖರ್ಚು ಮಾಡಿಯೂ ತಾರೀಖು ತಪ್ಪಿಸಿ ಅದರ ಅರ್ಧ ಫಲವನ್ನು ಕಳೆಯುವುದು ಎಂಥ ಜಾಣತನ?

ಹಾಗಾಗಿ ಕೇಳಬೇಕಾದ್ದು ಸಣ್ಣದು. ನೌಕರರ ಸಂಬಳದ ಹಾಗೆ ಇದಕ್ಕೂ ಒಂದು ತಾರೀಖು ಗೊತ್ತು ಮಾಡಿ. ತಡವಾಗುವುದಿದ್ದರೆ ಎಷ್ಟು ದಿನ ಅಂತ ಮೊದಲೇ ಗ್ರಾಮ ಪಂಚಾಯಿತಿ ಬೋರ್ಡಿನಲ್ಲಿ ಬರೆಸಿ, ಫೋನಿಗೆ ಮೆಸೇಜ್ ಹಾಕಿ. ಚುನಾವಣೆ ಹತ್ತಿರ ಬಂದಾಗ ಬಾಕಿ ಕಂತುಗಳನ್ನು ಒಟ್ಟಿಗೆ ಸುರಿದರೆ ಅದು ಕೊಡುಗೆ ಅನ್ನಿಸಿಕೊಳ್ಳುತ್ತೆ. ಹೇಳಿದ ದಿನ ಬಂದರೆ ಮಾತ್ರ ಹಕ್ಕು.